ಆಟ ಇರೋದು ಆಡೋಕೆ ಸ್ವಾಮೀ, ಪೂಜೆ ಮಾಡೋಕಲ್ಲ

ಇಲ್ಲಿ ಏನಾದ್ರೂ ಬರೆದು ತಿಂಗಳುಗಳೇ ಆಗಿಹೋಯ್ತು. ಆಫೀಸು, ಮನೆ, ಟ್ರಾಫಿಕ್ಕು.. ಅದೇ ಹಳೇ ನೆಪ, ಬಿಡಿ. ಇವತ್ತು ಬರೀತಿರೋದು ಸಿಟ್ಟಿನಿಂದ. ಸಿಟ್ಟು ಬಂದಾಗ ಮಾತ್ರ ನನ್ನ ಕೀಬೋರ್ಡು ಸರಾಗವಾಗಿ ಓಡುತ್ತೆ :-)

ವಿಷಯ ಇಷ್ಟೇ. ಕಳೆದ ಶನಿವಾರ ನನ್ನ ಸ್ನೇಹಿತನೊಬ್ಬ ಮನೆಗೆ ಕರೆದಿದ್ದ. ಅವನ ಹತ್ರ ಬೋರ್ಡ್ ಗೇಮ್‌ಗಳ ದೊಡ್ಡ ಸಂಗ್ರಹ ಇದೆ. ಹಾಲಿನ ಒಂದು ಗೋಡೆ ಪೂರ್ತಿ ಶೆಲ್ಫು, ಶೆಲ್ಫಿನ ತುಂಬ ಡಬ್ಬಗಳು. ನಾನು ಅಕ್ಕನ ಮಗಳನ್ನೂ ಕರ್ಕೊಂಡು ಹೋಗಿದ್ದೆ. ಅವಳಿಗೆ ಒಂಬತ್ತು ವರ್ಷ. ಡಬ್ಬಗಳನ್ನ ನೋಡಿ ಅವಳ ಕಣ್ಣು ಅಗಲ ಆಗಿದ್ದನ್ನ ನೀವು ನೋಡಬೇಕಿತ್ತು. ಒಂದು ಡಬ್ಬ ತೆಗೆದು ಟೇಬಲ್ ಮೇಲೆ ಇಟ್ಟ. ಇವಳು ಕೈ ಚಾಚಿದ್ಲು. "ಕೈ ತೊಳ್ಕೊಂಡು ಬಾ ಪುಟ್ಟಾ" ಅಂದ. ಸರಿ, ತೊಳ್ಕೊಂಡು ಬಂದ್ಲು. "ಒರೆಸ್ಕೊಂಡ್ಯಾ? ತೇವ ಇದ್ರೆ ಎಲೆ ಉಬ್ಬುತ್ತೆ." ಒರೆಸ್ಕೊಂಡ್ಲು. ಆಮೇಲೆ ಅವಳು ಒಂದು ಎಲೆಯನ್ನ ಟೇಬಲ್ಲಿಂದ ಎತ್ತೋಕೆ ಉಗುರು ಹಾಕಿದ್ಲು ನೋಡಿ, ಅಲ್ಲಿಗೆ ಮುಗೀತು. "ನೀನು ಈಗ ಸುಮ್ನೆ ನೋಡು ಪುಟ್ಟಾ, ಮುಂದಿನ ಸಲ ಆಡುವಂತೆ."

ಎರಡು ಗಂಟೆ ಅವಳು ಕೈಕಟ್ಟಿ ಕೂತು ನೋಡಿದ್ಲು. ವಾಪಸ್ ಬರುವಾಗ ಸ್ಕೂಟರ್ ಹಿಂದಿನಿಂದ ಕೇಳಿದ್ಲು: "ಮಾಮ, ಆ ಅಂಕಲ್ಲು ಅಷ್ಟೊಂದು ಆಟಾನ ಯಾರಿಗೋಸ್ಕರ ಇಟ್ಕೊಂಡಿದಾರೆ?"

ನನಗೆ ಉತ್ತರ ಗೊತ್ತಾಗಲಿಲ್ಲ. ಈ ಬರಹ ಅದಕ್ಕೇ.

ಮೊದಲೇ ಹೇಳಿಬಿಡ್ತೀನಿ, ಆಟದ ಸಾಮಾನನ್ನ ಜೋಪಾನ ಮಾಡಬಾರದು ಅನ್ನೋ ಪೈಕಿ ಅಲ್ಲ ನಾನು. ಜೋಪಾನ ಮಾಡದೇ ಇದ್ರೆ ಏನಾಗುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. ಅದು ಅಜ್ಜಿಮನೆಯ ಕತೆ.

ನಮ್ಮ ಅಜ್ಜಿಮನೆ ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಬೇರೆ ಏನು ಮಾಡೋಕಿದೆ ಹೇಳಿ? ಜಗುಲಿಯಲ್ಲಿ ಇಸ್ಪೀಟು. ಆಡ್ತಿದ್ದದ್ದು ಇಪ್ಪತ್ತೆಂಟು. ಗೊತ್ತಿಲ್ಲದವರಿಗೆ ಚುಟುಕಾಗಿ: ನಾಲ್ಕು ಜನ, ಎದುರುಬದುರು ಕೂತವರು ಜೊತೆ. ಏಳರಿಂದ ಎಕ್ಕದವರೆಗೆ 32 ಎಲೆ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕ ಮತ್ತು ಹತ್ತಕ್ಕೆ ಒಂದೊಂದು, ಒಟ್ಟು 28. ಕೂಗಿ ಗೆದ್ದವನು ತುರುಫು ಯಾವುದು ಅಂತ ಬಾಯಿಬಿಟ್ಟು ಹೇಳೋದಿಲ್ಲ, ಆ ಬಣ್ಣದ ಒಂದು ಎಲೆಯನ್ನ ಕವುಚಿ ಇಡ್ತಾನೆ. ಯಾರಾದ್ರೂ ಕೇಳೋವರೆಗೂ ಅದು ಗುಟ್ಟು. ಆಟದ ಜೀವ ಇರೋದೇ ಆ ಕವುಚಿಟ್ಟ ಒಂದು ಎಲೆಯಲ್ಲಿ.

ನಮ್ಮ ಕಟ್ಟು ಎಷ್ಟು ವರ್ಷದ್ದೋ ದೇವರೇ ಬಲ್ಲ. ಮಳೆಯ ತೇವಕ್ಕೆ ಉಬ್ಬಿ, ಬೆವರಿಗೆ ಅಂಟಿ, ಅಡಿಕೆ ತಿಂದ ಕೈಯ ಕೆಂಪು ಹತ್ತಿ, ಎಲೆ ಎಲೆಯೂ ಒಂದೊಂದು ಊರಿನ ನಕ್ಷೆ. ಕಳಾವರ್ ಎಂಟರ ಒಂದು ಮೂಲೆ ಹರಿದಿತ್ತು. ಒಂದು ಆಷಾಢದ ಮಧ್ಯಾಹ್ನ ದೊಡ್ಡಮಾವ ಹದಿನೆಂಟಕ್ಕೆ ಕೂಗಿ ತುರುಫು ಇಟ್ಟರು. ಎದುರು ಪಾರ್ಟಿಯಲ್ಲಿ ಇದ್ದವನು ನನ್ನ ಚಿಕ್ಕಮ್ಮನ ಮಗ, ಹತ್ತು ವರ್ಷದ ಹುಡುಗ. ದೊಡ್ಡವರ ಜೊತೆ ಆಡೋಕೆ ಅದೇ ವರ್ಷ ಸೇರಿಸ್ಕೊಂಡಿದ್ರು. ಮೂರನೇ ಪಟ್ಟಿಗೇ ತುರುಫು ಕೇಳಿದ, ಕಳಾವರ್ ಗುಲಾಮನನ್ನ ಬೀಸಿ ಹೊಡೆದ. ದೊಡ್ಡಮಾವನ ಆಟ ಮಗುಚಿಬಿತ್ತು.

"ಕಳಾವರ್ ಅಂತ ನಿಂಗೆ ಹ್ಯಾಗೆ ಗೊತ್ತಾಯ್ತೋ?" ಅಂತ ಕೇಳಿದ್ರು. ಪಾಪ, ಅವನಿಗೆ ಸುಳ್ಳು ಹೇಳೋಕೆ ಬರ್ತಿರಲಿಲ್ಲ. "ಮೂಲೆ ಹರಿದಿತ್ತಲ್ಲ ಮಾವ" ಅಂದ.

ಕಳ್ಳಾಟ ಅಂದ್ರು. ಇಷ್ಟು ಚಿಕ್ಕ ವಯಸ್ಸಿಗೇ ಕಳ್ಳಬುದ್ಧಿ ಅಂದ್ರು. ಅಷ್ಟೂ ಜನರ ಎದುರಿಗೆ. ಅವನು ಎಲೆ ಕೆಳಗಿಟ್ಟು ಎದ್ದುಹೋದವನು ಮತ್ತೆ ಆ ಜಗುಲಿಯಲ್ಲಿ ಆಟಕ್ಕೆ ಕೂರಲಿಲ್ಲ. ಉತ್ಪ್ರೇಕ್ಷೆ ಅಲ್ಲ, ನಿಜವಾಗಿಯೂ ಕೂರಲಿಲ್ಲ.

ನನಗೆ ಎಷ್ಟೋ ವರ್ಷ ಆದಮೇಲೆ ಹೊಳೆದ ಒಂದು ಸಂಗತಿ ಇದೆ. ಆವತ್ತು ದೊಡ್ಡಮಾವ ತುರುಫಿನ ಎಲೆಯನ್ನ ಸುಮ್ಮನೆ ಚಾಪೆ ಮೇಲೆ ಇಟ್ಟಿರಲಿಲ್ಲ. ಅದರ ಒಂದು ಮೂಲೆಯನ್ನ ಎಲೆಯಡಿಕೆ ಹರಿವಾಣದ ಅಡಿಗೆ ತೂರಿಸಿ ಇಟ್ಟಿದ್ರು. ಅಂದ್ರೆ? ಹರಿದ ಮೂಲೆ ಅವರಿಗೂ ಗೊತ್ತಿತ್ತು. ಅಲ್ಲಿದ್ದ ಎಲ್ಲ ದೊಡ್ಡವರಿಗೂ ವರ್ಷಗಳಿಂದ ಗೊತ್ತಿತ್ತು. ಅವರವರ ಅನುಕೂಲಕ್ಕೆ ಅವರವರು ಬಳಸ್ತಾನೂ ಇದ್ರು. ಹುಡುಗ ಮಾಡಿದ ತಪ್ಪು ಅಂದ್ರೆ ಅದನ್ನ ಬಾಯಿಬಿಟ್ಟು ಹೇಳಿದ್ದು.

ಸವೆದ ಎಲೆ ಮನುಷ್ಯರ ನಡುವೆ ಇಂಥದ್ದನ್ನ ತಂದಿಡುತ್ತೆ. ಅದಕ್ಕೇ ಆಟದ ಸಾಮಾನನ್ನ ಕಾಪಾಡೋದು ಶೋಕಿ ಅಲ್ಲ, ನ್ಯಾಯದ ಪ್ರಶ್ನೆ ಅಂತ ನಾನು ನಂಬಿರೋದು. ಆದರೆ ನ್ಯಾಯಕ್ಕೋಸ್ಕರ ಕಾಪಾಡೋದು ಬೇರೆ, ಅಂದಕ್ಕೋಸ್ಕರ ಕಾಪಾಡೋದು ಬೇರೆ. ನನ್ನ ಸ್ನೇಹಿತನಂಥವರಿಗೆ ಈ ವ್ಯತ್ಯಾಸ ಗೊತ್ತಿಲ್ಲ. ನನ್ನ ತಕರಾರು ಇರೋದು ಇಲ್ಲಿ.

ನನ್ನ ವಾದ ಒಂದೇ ಸಾಲಿನದ್ದು: ಬೆನ್ನು ಕಾಯಿರಿ, ಮುಖ ಬಿಡಿ.

ಬಿಡಿಸಿ ಹೇಳ್ತೀನಿ. ಚೌಕಾಬಾರ ಇದೆ. ಮನೆ ಎಲ್ಲರಿಗೂ ಕಾಣುತ್ತೆ, ಕಾಯಿ ಎಲ್ಲರಿಗೂ ಕಾಣುತ್ತೆ. ಮಣೆ ಸವೆದ್ರೂ ಗೆರೆ ಮಾಸಿದ್ರೂ ಯಾರಿಗೂ ಮೋಸ ಆಗೋದಿಲ್ಲ. ಹುಣಸೆಬೀಜವನ್ನ ಕಲ್ಲಿಗೆ ಉಜ್ಜಿ ಒಂದು ಕಡೆ ಬಿಳಿ ಮಾಡಿ ಹಾಕ್ತೀವಲ್ಲ, ಅದು ಆಡ್ತಾ ಆಡ್ತಾ ಸವೆದು ಒಂದು ಕಡೆಗೇ ಜಾಸ್ತಿ ಬೀಳೋಕೆ ಶುರು ಮಾಡಬಹುದು. ಆದ್ರೂ ಪರವಾಗಿಲ್ಲ, ಯಾಕಂದ್ರೆ ಎಲ್ಲರೂ ಅದೇ ಬೀಜ ಹಾಕೋದು. ಚೆನ್ನೆಮಣೆಯ ಗುಳಿ ತಲೆಮಾರುಗಟ್ಟಲೆ ಬೆರಳಾಡಿ ನುಣ್ಣಗಾಗಿದ್ರೆ ಅದು ಹಾಳಾಗಿದೆ ಅಂತ ಯಾರಾದ್ರೂ ಹೇಳ್ತಾರಾ? ಎಲ್ಲರ ಪಾಲಿಗೂ ಸಮನಾಗಿ ಬರೋ ಸವೆತ ಸವೆತವೇ ಅಲ್ಲ. ಒಬ್ಬನಿಗೆ ಮಾತ್ರ ಓದೋಕೆ ಬರೋ ಸವೆತ ಇದೆಯಲ್ಲ, ಅದು ಆಟವನ್ನ ಕೊಲ್ಲುತ್ತೆ. ಅದು ಇರೋದು ಬೆನ್ನಿನಲ್ಲಿ. ಕವುಚಿ ಇಡೋ ಎಲೆ, ಕವುಚಿ ಇಡೋ ಬಿಲ್ಲೆ, ಚೀಲದೊಳಗೆ ಕೈ ಹಾಕಿ ತೆಗೆಯೋ ಅಕ್ಷರ. ಇವುಗಳಲ್ಲಿ.

ಸ್ಕ್ರ್ಯಾಬಲ್ ತಗೊಳ್ಳಿ. ಇಂಗ್ಲಿಷ್ ಸ್ಕ್ರ್ಯಾಬಲ್‌ನಲ್ಲಿ 100 ಬಿಲ್ಲೆ, ಅದರಲ್ಲಿ 2 ಖಾಲಿ. ಖಾಲಿ ಬಿಲ್ಲೆಯನ್ನ ಯಾವ ಅಕ್ಷರ ಬೇಕಾದ್ರೂ ಮಾಡ್ಕೊಬಹುದು, ಅದು ಚಿನ್ನ. ಮರದ ಬಿಲ್ಲೆಯಲ್ಲಿ ಅಕ್ಷರ ಸ್ವಲ್ಪ ತಗ್ಗಾಗಿರುತ್ತೆ. ಚೀಲದೊಳಗೆ ಬೆರಳಾಡಿಸಿ ತಗ್ಗಿಲ್ಲದ್ದನ್ನ ಹುಡುಕೋದು ಕಷ್ಟವೇನಲ್ಲ. ಕುರುಡರ ಲಿಪಿ ಓದಿದ ಹಾಗೆ ಓದೋದ್ರಿಂದ ಇದಕ್ಕೆ ಬ್ರೇಯ್ಲಿಂಗ್ ಅಂತಾನೇ ಹೆಸರಿದೆ. ಅದಕ್ಕೇ ಟೂರ್ನಮೆಂಟುಗಳಲ್ಲಿ ಅಕ್ಷರ ತಗ್ಗಿಲ್ಲದ ನುಣುಪಾದ ಪ್ಲಾಸ್ಟಿಕ್ ಬಿಲ್ಲೆ ಬಳಸ್ತಾರೆ. ನೋಡಿ, ಅಲ್ಲಿ ಯಾರೂ ಬಿಲ್ಲೆ ಚೆಂದ ಇರಲಿ ಅಂತ ತಲೆ ಕೆಡಿಸ್ಕೊಳ್ಳಲಿಲ್ಲ. ಬೆರಳಿಗೆ ಎಲ್ಲವೂ ಒಂದೇ ಥರ ಇರಲಿ ಅಂತ ತಲೆ ಕೆಡಿಸ್ಕೊಂಡ್ರು.

2008ರಲ್ಲಿ ಬಂದ ಡೊಮಿನಿಯನ್ ಅನ್ನೋ ಆಟ ಇದೆ. 500 ಎಲೆ. ಪ್ರತಿಯೊಬ್ಬನೂ 7 ತಾಮ್ರದ ಕಾಸು, 3 ಎಸ್ಟೇಟು ಇಟ್ಕೊಂಡು ಶುರು ಮಾಡ್ತಾನೆ, ಆಮೇಲೆ ಬೇರೆ ಎಲೆ ಕೊಂಡು ಸೇರಿಸ್ತಾ ಹೋಗ್ತಾನೆ. ತಾಮ್ರದ ಎಲೆ ಪ್ರತಿ ಆಟದಲ್ಲೂ ಕಲಸಿಕೊಳ್ಳುತ್ತೆ, ಉಳಿದವುಗಳಲ್ಲಿ ಎಷ್ಟೋ ಎಲೆ ಅಪರೂಪಕ್ಕೆ. ನೂರು ಆಟ ಆದಮೇಲೆ ಏನಾಗುತ್ತೆ? ತಾಮ್ರದ ಬೆನ್ನು ಬೇಗ ಹಳತಾಗುತ್ತೆ. ಕಟ್ಟಿನ ಮೇಲಿನ ಎಲೆ ನೋಡಿದ್ರೇ ಮುಂದೆ ಬರೋದು ತಾಮ್ರ ಅಂತ ಗೊತ್ತಾಗುತ್ತೆ. ಇಲ್ಲಿ ಯಾರೂ ಒರಟಾಗಿ ಆಡಿಲ್ಲ, ಮೂಲೆ ಹರಿದಿಲ್ಲ. ನಿಯಮದ ಪ್ರಕಾರ ಆಡಿದ್ದಕ್ಕೇ ಸವೆತ ಅಸಮ ಆಯ್ತು. ಇಂಥ ಆಟಕ್ಕೆ ಎಲೆಗೊಂದು ಪ್ಲಾಸ್ಟಿಕ್ ಕವರು, ಅದೇ ಸ್ಲೀವ್, ಹಾಕೋದು ನ್ಯಾಯ. ನಾನೂ ಹಾಕಿದ್ದೀನಿ.

ಆದರೆ ನನ್ನ ಸ್ನೇಹಿತ ಕತಾನ್‌ಗೂ ಪೂರ್ತಿ ಹಾಕಿದ್ದಾನೆ! 1995ರ ಆಟ ಅದು. 19 ಷಟ್ಕೋನದ ಬಿಲ್ಲೆ ಜೋಡಿಸಿ ದ್ವೀಪ ಮಾಡೋದು. ಜೋಡಿಸಿ ಆದಮೇಲೆ ಆ ಬಿಲ್ಲೆ ಎಲ್ಲರ ಕಣ್ಣೆದುರಿಗೇ ಮುಖ ಮೇಲೆ ಮಾಡಿ ಬಿದ್ದಿರುತ್ತೆ. ಅದರ ಅಂಚು ಸವೆದ್ರೆ ಯಾರಿಗೆ ಏನು ನಷ್ಟ? ಅಲ್ಲಿ ಗುಟ್ಟಾಗಿರಬೇಕಾದ್ದು ಮುಖ್ಯವಾಗಿ 25 ಡೆವಲಪ್‌ಮೆಂಟ್ ಎಲೆ. ಕಳ್ಳ ಬಂದಾಗ ಬೇರೆಯವನ ಕೈಯಿಂದ ಕಣ್ಣುಮುಚ್ಚಿ ಒಂದು ಎಲೆ ಎಳೀತೀವಲ್ಲ, ಅದಕ್ಕೋಸ್ಕರ ಬೇಕಾದ್ರೆ 95 ಸಂಪನ್ಮೂಲದ ಎಲೆಗೂ ಹಾಕಿ. ಅಲ್ಲಿಗೆ ಸಾಕು. ಇವನು ಬಿಲ್ಲೆಗೆ ಕವರು, ನಿಯಮದ ಪುಸ್ತಕಕ್ಕೂ ಒಂದು ಫೋಲ್ಡರು! ನಿಯಮದ ಪುಸ್ತಕ ಸವೆಯೋದೇ ಒಳ್ಳೇದಲ್ವಾ? ಯಾರೋ ಓದಿದ್ದಾರೆ ಅಂತಾನಾದ್ರೂ ಗೊತ್ತಾಗುತ್ತೆ.

ಲೆಕ್ಕ ಹಾಕಿ ನೋಡಿ. ಇಸ್ಪೀಟಿನ ಎಲೆಯ ದಪ್ಪ ಸುಮಾರು 0.3 ಮಿಲಿಮೀಟರ್. 52 ಎಲೆಗೆ ಒಂದೂವರೆ ಸೆಂಟಿಮೀಟರ್. ದಪ್ಪನೆಯ ಕವರು ಅಂದ್ರೆ ಒಂದು ಪದರಕ್ಕೆ 100 ಮೈಕ್ರಾನ್, ಎರಡು ಪದರಕ್ಕೆ 0.2 ಮಿಲಿಮೀಟರ್. ಅದೇ ಕಟ್ಟು ಎರಡೂವರೆ ಸೆಂಟಿಮೀಟರ್ ದಾಟುತ್ತೆ. 500 ಎಲೆಯ ಆಟಕ್ಕೆ 10 ಸೆಂಟಿಮೀಟರ್ ಬರೀ ಪ್ಲಾಸ್ಟಿಕ್ಕು! ಡಬ್ಬದ ಒಳಗಿನ ಖಾನೆಗೆ ಹಿಡಿಸೋದಿಲ್ಲ, ಆಗ ಖಾನೆ ಕಿತ್ತು ಬಿಸಾಡ್ತಾರೆ, ಆಮೇಲೆ ಮುಚ್ಚಳ ಕೂರೋದಿಲ್ಲ ಅಂತ ಗೋಳಾಡ್ತಾರೆ. ಆಟ ಕಾಪಾಡೋಕೆ ಹೋಗಿ ಆಟದ ಮನೆಯನ್ನೇ ಕೆಡವಿದ ಹಾಗೆ.

ಇನ್ನು ನಮ್ಮ ಮನೆಮನೆಗಳಲ್ಲಿ ಕಾಪಾಡೋದು ಅಂತ ಮಾಡೋ ಅನಾಹುತಗಳು. ಇಲ್ಲಿ ನನ್ನ ತಪ್ಪೊಪ್ಪಿಗೆಯೂ ಇದೆ, ನಗಬೇಡಿ.

ಒಂದು, ಲ್ಯಾಮಿನೇಷನ್. ಅಕ್ಕನ ಮಗಳಿಗೆ ಕನ್ನಡ ಅಕ್ಷರ ಜೋಡಿಸಿ ಪದ ಮಾಡೋ ಆಟ ಮಾಡ್ಕೊಡೋಣ ಅಂತ ಡ್ರಾಯಿಂಗ್ ಶೀಟಲ್ಲಿ ಬಿಲ್ಲೆ ಬರೆದೆ. ಎರಡು ಭಾನುವಾರ ಕೂತು ಬರೆದಿದ್ದು. ಜೆರಾಕ್ಸ್ ಅಂಗಡಿಗೆ ಒಯ್ದು ಲ್ಯಾಮಿನೇಟ್ ಮಾಡಿಸಿ, ಅಕ್ಷರದ ಅಂಚಿಗೆ ಸರಿಯಾಗಿ ಕತ್ತರಿಸಿದೆ. ನೋಡೋಕೆ ಏನು ಚೆಂದ ಅಂತೀರಿ! ಎರಡು ತಿಂಗಳಲ್ಲಿ ಎಲ್ಲಾ ಬಿಲ್ಲೆ ಹಪ್ಪಳದ ಥರ ಬಾಯಿ ಬಿಟ್ಟವು. ಲ್ಯಾಮಿನೇಷನ್ ನಿಲ್ಲೋದೇ ಕಾಗದದ ಹೊರಗೆ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಅಂಟಿರೋ ಅಂಚಿನ ಬಲದ ಮೇಲೆ. ಆ ಅಂಚನ್ನೇ ಕತ್ತರಿಸಿದ್ರೆ ಕಾಗದದ ಮಗ್ಗುಲಿಂದ ತೇವ ಒಳಗೆ ಹೋಗುತ್ತೆ, ಒಳಗೆ ಹೋದದ್ದು ಹೊರಗೆ ಬರೋದಿಲ್ಲ. ಅಂಚು ಬಿಟ್ಟು ಕತ್ತರಿಸಿದ್ರೆ ಮೂಲೆ ಮಗುವಿನ ಕೈ ಗೀರುತ್ತೆ. ಮೂಲೆಯನ್ನ ದುಂಡಗೆ ಕತ್ತರಿಸಬೇಕು. ಎಲ್ಲಕ್ಕಿಂತ ಮುಖ್ಯ, ಲ್ಯಾಮಿನೇಷನ್ ಮಾಡಿದ್ದನ್ನ ವಾಪಸ್ ಬಿಚ್ಚೋಕೆ ಆಗೋದಿಲ್ಲ. ಬೆಲೆಬಾಳೋ ಎಲೆಗೆ ಮಾಡಿಸಿದಿರೋ, ಕತೆ ಮುಗೀತು.

ಎರಡು, ರಬ್ಬರ್ ಬ್ಯಾಂಡು. ನಮ್ಮಲ್ಲಿ ಇಸ್ಪೀಟು ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕದ ಮನೆ ಇದೆಯಾ? ಮೇಲಿನ ಎಲೆಗೂ ಕೆಳಗಿನ ಎಲೆಗೂ ಅಂಚು ಕಚ್ಚುತ್ತೆ, ಮಧ್ಯದ್ದಕ್ಕೆ ಏನೂ ಆಗೋದಿಲ್ಲ. ಅಲ್ಲಿಗೆ ಎರಡು ಎಲೆಗೆ ಗುರುತು ಬಿತ್ತು. ಆಮೇಲೆ ರಬ್ಬರು ಹಳತಾಗಿ ಕರಗಿ ಅಂಟಿಕೊಂಡು, ಕೀಳೋಕೆ ಹೋದ್ರೆ ಬಣ್ಣದ ಸಮೇತ ಬರುತ್ತೆ. ಒಂದು ಹಳೇ ಸೋಪಿನ ಡಬ್ಬಿ ಸಾಕು ಸ್ವಾಮಿ, ರಬ್ಬರ್ ಬ್ಯಾಂಡ್ ಬೇಡ.

ಮೂರು, ನುಸಿಗುಳಿಗೆ. ಎಲೆಯ ಪದರ ಅಂಟಿಸಿರೋ ಗೋಂದಿಗೆ, ಕಾಗದಕ್ಕೆ ಹುಳ ಬರುತ್ತೆ ನಿಜ. ಹಾಗಂತ ಬಟ್ಟೆ ಬೀರುವಿನ ಗುಳಿಗೆಯನ್ನ ಆಟದ ಡಬ್ಬಕ್ಕೆ ಹಾಕಬೇಡಿ. ಕೆಲವು ಪ್ಲಾಸ್ಟಿಕ್ಕುಗಳನ್ನ, ಅದರಲ್ಲೂ ಪಾಲಿಸ್ಟೈರೀನನ್ನ, ನ್ಯಾಫ್ತಲೀನ್ ಮೆತ್ತಗೆ ಮಾಡಿಬಿಡುತ್ತೆ. ಕಾಯಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಕೂತಿರುತ್ತವೆ.

ನಾಲ್ಕು, ಸಿಕ್ಕಿದ ಪ್ಲಾಸ್ಟಿಕ್ ಕವರು. ಗುರುತಿನ ಚೀಟಿಗೆ ಹಾಕೋ, ಮೂಗಿಗೆ ವಾಸನೆ ಬಡಿಯೋ ಮೆತ್ತನೆ ಕವರು ಇದೆಯಲ್ಲ, ಅದು ಪಿವಿಸಿ. ಮೆತ್ತಗಿರಲಿ ಅಂತ ಅದಕ್ಕೆ ಸೇರಿಸಿದ ರಾಸಾಯನಿಕ ನಿಧಾನವಾಗಿ ಹೊರಗೆ ಜಿನುಗುತ್ತೆ. ಹಳೇ ಫೈಲಿನಲ್ಲಿಟ್ಟ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ತೆಗೆಯೋಕೆ ಹೋದಾಗ ಅಕ್ಷರಗಳೆಲ್ಲ ಪ್ಲಾಸ್ಟಿಕ್ಕಿಗೇ ಅಂಟಿಕೊಂಡು ಬಂದಿರುತ್ತಲ್ಲ? ನಿಮ್ಮ ಎಲೆಗೂ ಅದೇ ಗತಿ. ಪಾಲಿಪ್ರೊಪಿಲೀನ್ ಅಂತ ಬರೆದಿರೋದನ್ನೇ ತಗೊಳ್ಳಿ. ಅಳತೆ ನೋಡಿ ತಗೊಳ್ಳಿ. ಪೋಕರ್ ಅಳತೆಯ ಎಲೆ ಸುಮಾರು 63 x 88 ಮಿಲಿಮೀಟರ್, ಬ್ರಿಡ್ಜ್ ಅಳತೆಯದ್ದು ಅಗಲದಲ್ಲಿ ಕಡಿಮೆ, ಸುಮಾರು 57. ದೊಡ್ಡ ಕವರಿನಲ್ಲಿ ಸಣ್ಣ ಎಲೆ ಒಳಗೇ ಅಲ್ಲಾಡಿ ಮೂಲೆ ಇನ್ನೂ ಬೇಗ ಮುದುಡುತ್ತೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಇದನ್ನ ಸ್ಲೀವ್ ಭಕ್ತರೂ ಗಮನಿಸೋದು ಕಮ್ಮಿ. ಒಂದು ಎಲೆ ಹಾಳಾಯ್ತು ಅಂತ ಹೊಸದೊಂದನ್ನ ತರಿಸಿ ಹಳೇ ಕಟ್ಟಿಗೆ ಸೇರಿಸಿದ್ರೆ ಏನಾಗುತ್ತೆ? ಐವತ್ತೊಂದು ಕೊಳಕು ಎಲೆ ಮಧ್ಯೆ ಒಂದು ಬೆಳ್ಳಗಿನ ಎಲೆ. ಹರಿದ ಮೂಲೆಯ ಕಳಾವರ್ ಎಂಟಕ್ಕೂ ಅದಕ್ಕೂ ಏನು ವ್ಯತ್ಯಾಸ? ಎರಡೂ ಗುರುತಿನ ಎಲೆಯೇ. ಅದೇ ಬೆನ್ನು ಕಾಣದ, ಬಣ್ಣದ ಕವರು ಹಾಕಿದ್ರೆ, ಕಳೆದುಹೋದ ಎಲೆಯ ಜಾಗಕ್ಕೆ ಒಂದು ರಟ್ಟಿನ ಚೂರಿನ ಮೇಲೆ ಪೆನ್ನಲ್ಲಿ "ಕಳಾವರ್ ಎಂಟು" ಅಂತ ಬರೆದು ತೂರಿಸಿದ್ರೂ ಆಟ ನಡೆಯುತ್ತೆ. ಯಾರಿಗೂ ಗೊತ್ತಾಗೋದಿಲ್ಲ. ಕವರಿನ ನಿಜವಾದ ಮಹಿಮೆ ಇದು. ಬಡವರ ಆಟವನ್ನ ಬದುಕಿಸೋ ಶಕ್ತಿ ಅದಕ್ಕಿದೆ. ನಮ್ಮ ಸಂಗ್ರಹಕಾರರು ಅದನ್ನ ಚಿತ್ರ ಹೊಳೀತಿರಲಿ ಅಂತ ಬಳಸ್ತಾರೆ, ಬೆನ್ನೂ ಮುಖವೂ ಎರಡೂ ಕಾಣೋ ಪಾರದರ್ಶಕ ಕವರು ಹಾಕಿ! ಮುಖದ ಶೃಂಗಾರ ಉಳೀತು, ಬೆನ್ನಿನ ಗುರುತೂ ಉಳೀತು.

"ನೀನು ಏನೇ ಹೇಳು, ದುಡ್ಡು ಕೊಟ್ಟು ತಂದಿರೋದು, ಹಾಳಾದ್ರೆ ಹೊಟ್ಟೆ ಉರಿಯಲ್ವಾ?" ಅಂತ ಸ್ನೇಹಿತ ಕೇಳ್ತಾನೆ. ಉರಿಯುತ್ತೆ ಮಾರಾಯ, ನನಗೂ ಉರಿಯುತ್ತೆ. ಹೊರಗಡೆಯಿಂದ ತರಿಸೋ ಆಟಗಳ ಬೆಲೆ ನನಗೂ ಗೊತ್ತು. ಕೆಲವು ಆಟ ಮತ್ತೆ ಅಚ್ಚೇ ಆಗೋದಿಲ್ಲ, ಅದೂ ಗೊತ್ತು. ಅಂಥದ್ದನ್ನ ಮಗುವಿನ ಕೈಗೆ ಕೊಡೋಕೆ ಭಯ ಆದ್ರೆ ಅದು ತಪ್ಪಲ್ಲ. ಆದ್ರೆ ಹಾಗಿದ್ರೆ ಮಗುವನ್ನ ಕರೆದ ದಿನ ಆ ಡಬ್ಬ ತೆಗೀಬೇಡ. ಬೇರೆ ತೆಗಿ. ಇಸ್ಪೀಟು ತೆಗಿ. ತೆಗೆದು ಎದುರಿಗಿಟ್ಟು ಮುಟ್ಟಬೇಡ ಅನ್ನೋದು ಇದೆಯಲ್ಲ, ಅದು ಎಲೆ ಹಾಕಿ ಬಡಿಸಿ ಊಟ ಮಾಡಬೇಡ ಅಂದ ಹಾಗೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮಲ್ಲಿ ಗಂಜೀಫಾ ಅಂತ ಇತ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794-1868) ಆಟಗಳ ಹುಚ್ಚು ಎಷ್ಟಿತ್ತು ಅಂದ್ರೆ, ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಅನ್ನೋದರಲ್ಲಿ ಎಲೆಯಾಟಗಳ ವಿವರವೇ ಇದೆ. ದಶಾವತಾರ ಗಂಜೀಫಾ ಅಂದ್ರೆ ಹತ್ತು ಅವತಾರ, ಅವತಾರಕ್ಕೆ 12 ಎಲೆ, ಒಟ್ಟು 120. ಮೊಘಲ್ ಗಂಜೀಫಾದಲ್ಲಿ 96. ಸಾಮಾನ್ಯವಾಗಿ ದುಂಡು ಎಲೆ. ದುಂಡು ಎಲೆಗೆ ಮೂಲೆ ಎಲ್ಲಿ? ಮೂಲೆ ಇಲ್ಲದಿದ್ರೆ ಹರಿಯೋದು ಏನು? ಬಟ್ಟೆಯನ್ನೋ ಕಾಗದವನ್ನೋ ಪದರ ಪದರವಾಗಿ ಹುಣಸೆಬೀಜದ ಅಂಟಿನಲ್ಲಿ ಅಂಟಿಸಿ, ಬಣ್ಣ ಹಾಕಿ, ಅರಗಿನ ಲೇಪ ಕೊಡ್ತಿದ್ರು. ಮುಖದ ಮೇಲೆ ಮತ್ಸ್ಯ, ಕೂರ್ಮ, ವರಾಹ ಎಷ್ಟು ಬೇಕಾದ್ರೂ ವೈಭವ. ಬೆನ್ನಿಗೆ? ಚಿತ್ರ ಇಲ್ಲ, ಒಂದೇ ಬಣ್ಣ. ಎಲ್ಲವನ್ನೂ ಇಡೋಕೆ ಚಿತ್ರ ಬರೆದ ಮರದ ಪೆಟ್ಟಿಗೆ, ಸರಿಸೋ ಮುಚ್ಚಳ. ನೋಡಿ, ನಾನು ಇಷ್ಟು ಹೊತ್ತು ಬಡಕೊಂಡಿದ್ದೆಲ್ಲ ಆ ಚಿತ್ರಗಾರರಿಗೆ ಗೊತ್ತಿತ್ತು. ಮೂಲೆ ದುಂಡಗಿರಲಿ, ಮೈಗೆ ಲೇಪ ಇರಲಿ, ಬೆನ್ನು ಒಂದೇ ಥರ ಇರಲಿ, ಇಡೋಕೆ ಪೆಟ್ಟಿಗೆ ಇರಲಿ.

ಆದರೆ ಕತೆಯ ಇನ್ನೊಂದು ಭಾಗ ಕೇಳಿ. ಇವತ್ತು ಆ ಎಲೆಗಳನ್ನ ನಾವು ನೋಡೋದು ಮ್ಯೂಸಿಯಮ್ಮಿನ ಗಾಜಿನ ಹಿಂದೆ. ಕಲಾವಿದ ರಘುಪತಿ ಭಟ್ಟರಂಥವರು ಮೈಸೂರಿನ ಗಂಜೀಫಾ ಚಿತ್ರಕಲೆಯನ್ನ ಉಳಿಸಿದ್ರು, ಅದಕ್ಕೆ ಕೈ ಮುಗಿಯೋಣ. ಜನ ಕೊಂಡು ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕ್ತಾರೆ. ಆಡೋರು? ನನಗೆ ಗೊತ್ತಿರೋರ ಪೈಕಿ ಒಬ್ಬರಿಗೂ ಅದನ್ನ ಆಡೋಕೆ ಬರೋದಿಲ್ಲ. ನನಗೂ ಬರೋದಿಲ್ಲ. ಎಲೆ ಅಷ್ಟೂ ಭದ್ರವಾಗಿದೆ, ಒಂದು ಮೂಲೆಯೂ ಮುಕ್ಕಾಗಿಲ್ಲ, ನಮ್ಮ ಮನೆಗಳಿಂದ ಆಟ ಮಾತ್ರ ಹೋಯ್ತು.

ಸ್ನೇಹಿತನ ಶೆಲ್ಫು ನೋಡಿದಾಗ ನನಗೆ ನೆನಪಾಗೋದು ಅದೇ ಗಾಜು. ಒಂದು ಆಟ ಸತ್ತಿದೆ ಅನ್ನೋಕೆ ಅದರ ಎಲೆ ಹರಿದಿರಬೇಕಾಗಿಲ್ಲ. ಕಲಿಸೋಕೆ ಯಾರೂ ಇಲ್ಲದಿದ್ರೆ ಸಾಕು. ಕಲಿಯೋಕೆ ಬಂದ ಒಂಬತ್ತು ವರ್ಷದವಳ ಕೈಗೆ ಕೊಡದಿದ್ರೆ ಸಾಕು.

ಹಾಗಾದ್ರೆ ನೀನೇನು ಮಾಡ್ತೀಯಪ್ಪ ಅಂತ ಕೇಳಿದ್ರೆ, ನಮ್ಮ ಮನೆಯ ಪದ್ಧತಿ ಇದು:

- ಕವುಚಿ ಇಟ್ಟು ಕಲಸೋ ಎಲೆಗೆ ಮಾತ್ರ ಕವರು, ಬೆನ್ನು ಬಣ್ಣದ್ದು. ಹಾಕಿದ್ರೆ ಕಟ್ಟಿಗೆ ಪೂರ್ತಿ, ಒಂದೇ ಕಂಪನಿಯದ್ದು, ಒಂದೇ ಸಲ. ಹತ್ತು ಕವರು ಹೆಚ್ಚಿಗೆ ತೆಗೆದಿಟ್ಟು ಅದನ್ನೂ ಅದೇ ಡಬ್ಬದಲ್ಲಿ ಇಡೋದು.
- ಬಿಲ್ಲೆಗೆ ಚೀಲ. ಕಾರ್ಕಸೋನ್ ಅಂತ 2000ದ ಆಟ ಇದೆ, 72 ಬಿಲ್ಲೆ, ಒಂದೊಂದಾಗಿ ಎತ್ತಿ ಜೋಡಿಸ್ತಾ ಹೋಗೋದು. ಕವುಚಿ ಗುಡ್ಡೆ ಹಾಕಿದ್ರೆ ಬೆನ್ನಿನ ಕಲೆ ಕಾಣುತ್ತೆ, ಚೀಲದಿಂದ ಎತ್ತಿದ್ರೆ ಕಾಣೋದಿಲ್ಲ. ಅಮ್ಮ ಹಳೇ ಬ್ಲೌಸ್ ಪೀಸಲ್ಲಿ ಹೊಲಿದುಕೊಟ್ಟ ಚೀಲ. ಬಿಲ್ಲೆ ನೋಡಿ ಬೆರಳಾಡಿಸಬಾರದು ಅನ್ನೋದು ನಿಯಮ.
- ಕೆಳಗೆ ಒಂದು ದಪ್ಪ ಬಟ್ಟೆ ಹಾಸೋದು. ಉಗುರು ಹಾಕದೇ ಎಲೆ ಎತ್ತೋಕೆ ಬರುತ್ತೆ. (ಇಷ್ಟು ಮಾಡಿದ್ರೆ ಆವತ್ತಿನ ರಗಳೆಯೇ ಇರ್ತಿರಲಿಲ್ಲ!)
- ಎಲೆಗಳನ್ನ ಬಿಲ್ಲಿನ ಥರ ಬಗ್ಗಿಸಿ ಫರ್ ಅಂತ ಬಿಡೋ ಸಿನಿಮಾ ಸ್ಟೈಲು ಬೇಡ. ಬಟ್ಟೆ ಮೇಲೆ ಹರಡಿ ಎರಡೂ ಕೈಯಲ್ಲಿ ಕಲಸಿದ್ರೆ ಸಾಕು. ಮಕ್ಕಳಿಗೆ ಅದೇ ಖುಷಿ.
- ಕರಿದ ತಿಂಡಿ ಆಟದ ಮಧ್ಯೆ ಬೇಡ, ಆಟ ಮುಗಿದ ಮೇಲೆ. ಕೈ ತೊಳೆಯೋದು ಎಲ್ಲರೂ, ಮಗು ಒಂದೇ ಅಲ್ಲ.
- ಮಳೆಗಾಲಕ್ಕೆ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ. ಹೊಸ ಚಪ್ಪಲಿ ಡಬ್ಬದಲ್ಲಿ ಬರುತ್ತಲ್ಲ ಅದು. ತೇವ ಕುಡಿದು ಸುಸ್ತಾಗಿದ್ರೆ ಬದಲಾಯಿಸಬೇಕು, ಮಗುವಿನ ಕೈಗೆ ಸಿಗಬಾರದು. ಅಜ್ಜಿ ಇಸ್ಪೀಟು ಕಟ್ಟನ್ನ ಒಲೆಯ ಮೇಲಿನ ಅಟ್ಟದಲ್ಲಿ ಇಡ್ತಿದ್ರು. ಎಲೆಗೆಲ್ಲ ಹೊಗೆ ವಾಸನೆ, ಆದ್ರೆ ಬೂಷ್ಟು ಹಿಡೀತಿರಲಿಲ್ಲ.
- ಉಳಿದಂತೆ ಮಣೆ, ಕಾಯಿ, ಡಬ್ಬ, ನಿಯಮದ ಪುಸ್ತಕ.. ಸವೆಯಲಿ ಬಿಡಿ.

ಕೊನೆಗೆ ಒಂದು ಮಾತು. ಹೋದ ದೀಪಾವಳಿಗೆ ಎಲ್ಲರೂ ಅಜ್ಜಿಮನೆಯಲ್ಲಿ ಸೇರಿದ್ವಿ. ದೊಡ್ಡಮಾವನಿಗೆ ಈಗ ಎಂಬತ್ತರ ಹತ್ತಿರ. ನಾನು ಹೊಸ ಕಟ್ಟು ಒಯ್ದಿದ್ದೆ, ಪೂರ್ತಿ ಪ್ಲಾಸ್ಟಿಕ್ ಎಲೆಯದ್ದು, ಒದ್ದೆಯಾದ್ರೂ ಒರೆಸಿದ್ರೆ ಆಯ್ತು. ಜಗುಲಿಯಲ್ಲಿ ಚಾಪೆ ಹಾಸಿದ್ವಿ. ಮೂರು ಜನ ಕೂತಿದ್ವಿ, ನಾಲ್ಕನೆಯವನು ಬೇಕು. ಚಿಕ್ಕಮ್ಮನ ಮಗ ಅಂಗಳದಲ್ಲಿ ಅವನ ಮಗನಿಗೆ ಪಟಾಕಿ ಹಚ್ಚಿಸ್ತಿದ್ದ. ದೊಡ್ಡಮಾವ ಕೂಗಿ ಕರೆದ್ರು, "ಬಾರೋ, ಒಂದು ಕೈ ಕಮ್ಮಿ ಇದೆ." ಅವನು ನಕ್ಕು, "ನೀವಾಡಿ ಮಾವ, ನಂಗೆ ಮರ್ತೋಗಿದೆ" ಅಂದ. ಮರೆತಿಲ್ಲ ಅಂತ ನನಗೂ ಗೊತ್ತು, ದೊಡ್ಡಮಾವನಿಗೂ ಗೊತ್ತು. ಅವರು ಸ್ವಲ್ಪ ಹೊತ್ತು ಹೊಸ ಎಲೆಯ ಬೆನ್ನನ್ನ ಬೆರಳಲ್ಲಿ ಸವರುತ್ತಾ ಕೂತಿದ್ರು. ಆಮೇಲೆ ಅವನ ಮಗನನ್ನ ಕರೆದು ಪಕ್ಕ ಕೂರಿಸ್ಕೊಂಡ್ರು. ಆ ಹುಡುಗನಿಗೆ ಎಂಟು ವರ್ಷ. ಕೈಗೆ ಪಟಾಕಿ ಮದ್ದು ಮೆತ್ತಿತ್ತು. ತೊಳ್ಕೊಂಡು ಬಾ ಅಂತ ಯಾರೂ ಹೇಳಲಿಲ್ಲ.

ಈ ಬರಹ ಓದಿ ನನ್ನ ಸ್ನೇಹಿತ ಮುನಿಸ್ಕೋತಾನೆ ಅಂತ ಗೊತ್ತು. ಮುನಿಸ್ಕೋ ಮಾರಾಯ. ಮುನಿಸು ಇಳಿದ ಮೇಲೆ ಒಂದು ಭಾನುವಾರ ನಮ್ಮನೆಗೆ ಬಾ, ಯಾವ ಡಬ್ಬ ತರಬೇಕು ಅಂತ ನೀನೇ ತೀರ್ಮಾನ ಮಾಡು. ಬೆನ್ನಿಗೆ ಹಾಕೋ ಕವರಿನ ಖರ್ಚು ನಂದು. ಪುಟ್ಟಿ ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ನೀನೇ ಕೊಡಬೇಕು.

ನೀವೇನಂತೀರಿ? ನಿಮ್ಮ ಮನೆಯ ಕಟ್ಟಿನಲ್ಲಿ ಎಲ್ಲರಿಗೂ ಗೊತ್ತಿರೋ, ಯಾರೂ ಬಾಯಿಬಿಡದ ಕಳಾವರ್ ಎಂಟು ಯಾವುದು?